ಎಲೆಕ್ಟಿವ್ ಯಾವಾಗ? ಹದಿನೈದು ದಿನಗಳ ಒಂದು ಹಳೇ ಕಥೆ

ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಎಂಬಿಬಿಎಸ್ ಓದುವ ಮಕ್ಕಳಿದ್ದರೆ ಮೂರನೇ ವರ್ಷ ದಾಟುತ್ತಿದ್ದ ಹಾಗೆ ಒಂದು ಚರ್ಚೆ ಶುರುವಾಗುತ್ತದೆ. ಎಲೆಕ್ಟಿವ್‌ಗೆ ಏನು ತಗೊಳ್ಳೋದು, ಕಾರ್ಡಿಯಾಲಜಿಯೋ ನ್ಯೂರಾಲಜಿಯೋ? ಎಲೆಕ್ಟಿವ್ ಅಂದರೆ ವಿದ್ಯಾರ್ಥಿ ತಾನೇ ಆರಿಸಿಕೊಂಡು ಕೆಲವು ವಾರ ಒಂದು ವಿಭಾಗದಲ್ಲಿ ಕಳೆಯುವ ಅವಧಿ. ನಾನು ಡಾಕ್ಟರನಲ್ಲ, ಹಳೆಯ ಸರಕಾರಿ ವರದಿಗಳನ್ನು ಓದುವ ಚಟ ಇರುವವನು, ಅಷ್ಟೇ. ಆದರೆ ನನಗನಿಸುವುದು, ‘ಏನು’ ಅನ್ನುವುದಕ್ಕಿಂತ ‘ಯಾವಾಗ’ ಅನ್ನುವುದರಲ್ಲೇ ದೊಡ್ಡ ಕಥೆ ಇದೆ.

ಈ ಊರಿನ ಗ್ರಾಂಟ್ ಮೆಡಿಕಲ್ ಕಾಲೇಜು ಶುರುವಾದದ್ದು 1845ರಲ್ಲಿ. ಪರೇಲಿನ ಜಿ.ಎಸ್. ಮೆಡಿಕಲ್ ಮತ್ತು ಕೆ.ಇ.ಎಂ. ಆಸ್ಪತ್ರೆ 1926ರಲ್ಲಿ. ಹುಬ್ಬಳ್ಳಿಯ ಕೆ.ಎಂ.ಸಿ. ಬಂದದ್ದು 1957ಕ್ಕೆ. ಅಲ್ಲಿಯವರೆಗೆ ಧಾರವಾಡ, ಬಿಜಾಪುರ, ಬೆಳಗಾವಿ ಕಡೆಯಿಂದ ಡಾಕ್ಟರಾಗಬೇಕೆಂದು ಹೊರಟ ಹುಡುಗರು ಮುಂಬಯಿಗೋ ಪುಣೆಗೋ ರೈಲು ಹತ್ತುತ್ತಿದ್ದರು. ಆಗಿನ ಓದಿನಲ್ಲಿ ಆಯ್ಕೆಯ ಮಾತೇ ಇರಲಿಲ್ಲ. ಮೆಡಿಸಿನ್, ಸರ್ಜರಿ, ಹೆರಿಗೆ... ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಊಟ.

ಅದನ್ನು ಹಾಗೇ ಉಳಿಸಿದ್ದು ಬೇಕೆಂದೇ. 1943ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ದೇಶಕ್ಕೆ ಬೇಕಾದದ್ದು ಒಂದೇ ಬಗೆಯ ‘ಬೇಸಿಕ್ ಡಾಕ್ಟರ್’, ಊರಿನ ಆರೋಗ್ಯವನ್ನೂ ನೋಡಬಲ್ಲ ವೈದ್ಯ ಎಂಬುದು ಅದರ ತಿರುಳು. ಹಳ್ಳಿಗಳಲ್ಲಿ ಡಾಕ್ಟರೇ ಇಲ್ಲದ ಕಾಲದಲ್ಲಿ ವಿದ್ಯಾರ್ಥಿಗೆ ‘ನಿನಗೇನು ಇಷ್ಟವಪ್ಪಾ’ ಅಂತ ಕೇಳುವುದು ಐಷಾರಾಮದಂತೆ ಕಂಡಿದ್ದರೆ ತಪ್ಪೇನಿಲ್ಲ.

ಆದರೆ ಆಸ್ಪತ್ರೆಗಳು ಕಾಯುತ್ತಾ ಕೂರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಬರ್ನಾರ್ಡ್ ಹೃದಯ ಕಸಿ ಮಾಡಿದ್ದು 1967ರ ಡಿಸೆಂಬರಿನಲ್ಲಿ. 1968ರ ಫೆಬ್ರವರಿಯಲ್ಲಿ ನಮ್ಮ ಕೆ.ಇ.ಎಂ.ನಲ್ಲೇ ಡಾ. ಪಿ.ಕೆ. ಸೇನ್ ಅದನ್ನು ಮಾಡಿದರು, ಭಾರತದಲ್ಲಿ ಮೊದಲ ಸಲ. ರೋಗಿ ಕೆಲವೇ ಗಂಟೆ ಬದುಕಿದ. ಅಂಥ ಆಪರೇಷನ್ ಥಿಯೇಟರ್ ಇರುವ ಕಾಲೇಜಿನಲ್ಲಿ ಓದುವ ಹುಡುಗನಿಗೆ ಅದರೊಳಗೆ ಹೋಗಿ ನಿಲ್ಲುವ ಆಸೆ ಆಗದಿರುತ್ತದೆಯೇ? ಪಠ್ಯಕ್ರಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಆ ಕೊರತೆ ತುಂಬುತ್ತಿದ್ದದ್ದು ಹೌಸ್ ಜಾಬ್. ಇಂಟರ್ನ್‌ಶಿಪ್ ಮುಗಿಸಿದ ಮೇಲೆ ಆರು ತಿಂಗಳು ಒಂದು ವಿಭಾಗ, ಬೇಕಾದರೆ ಇನ್ನಾರು ತಿಂಗಳು ಇನ್ನೊಂದು. ಹೆಸರು ಬೇರೆ, ಕೆಲಸ ಕತ್ತೆ ದುಡಿತ, ನಿಜ. ಆದರೆ ‘ಇದು ನನ್ನ ಹಾದಿಯೋ ಅಲ್ಲವೋ’ ಅಂತ ನೋಡಿಕೊಳ್ಳಲು ಅವಕಾಶವಿತ್ತು. ಎಂ.ಡಿ., ಎಂ.ಎಸ್. ನೇರ ಮೂರು ವರ್ಷದ ರೆಸಿಡೆನ್ಸಿ ಆಗುತ್ತಾ ಬಂದ ಹಾಗೆ ಹೌಸ್ ಜಾಬ್ ಹಿಂದೆ ಸರಿಯಿತು. ಅದು ಹೋದದ್ದಕ್ಕೆ ಯಾರೂ ಅತ್ತ ಹಾಗಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ.

1997ರಲ್ಲಿ ಮೆಡಿಕಲ್ ಕೌನ್ಸಿಲ್ ಹೊಸ ನಿಯಮಾವಳಿ ತಂದಿತು. ಒಂದು ವರ್ಷದ ಇಂಟರ್ನ್‌ಶಿಪ್ಪಿನೊಳಗೆ ಹದಿನೈದು ದಿನ ‘ಎಲೆಕ್ಟಿವ್’. ಚರ್ಮರೋಗ, ಮನೋರೋಗ, ಅರಿವಳಿಕೆ, ರೇಡಿಯಾಲಜಿ ಇಂಥ ಪಟ್ಟಿಯಿಂದ ಒಂದು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಇಟ್ಟ ಜಾಗ ನೋಡಿ! ಓದೆಲ್ಲ ಮುಗಿದು, ಪಿಜಿ ಪ್ರವೇಶ ಪರೀಕ್ಷೆ ತಲೆಯ ಮೇಲೆ ಕೂತಿರುವಾಗ.

ಆ ಪರೀಕ್ಷೆಗೂ ಒಂದು ಹಿನ್ನೆಲೆ ಇದೆ. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೀಟುಗಳೆಲ್ಲ ಆಯಾ ರಾಜ್ಯದವರಿಗೇ ಎನ್ನುವ ಪದ್ಧತಿಗೆ ಕತ್ತರಿ ಹಾಕಿತು. ಅಲ್ಲಿಂದ ಅಖಿಲ ಭಾರತ ಕೋಟಾ ಬಂತು, ಪರೀಕ್ಷೆ ಬಂತು. 2013ರಲ್ಲಿ ನೀಟ್ ಪಿಜಿ ಬಂತು. ನಮ್ಮಂಥ ಹೊರರಾಜ್ಯದಲ್ಲಿ ನೆಲೆಸಿದವರ ಮಕ್ಕಳಿಗೆ ಆ ತೀರ್ಪು ಒಳ್ಳೆಯದನ್ನೇ ಮಾಡಿತು, ಇಲ್ಲವೆನ್ನಲಾರೆ. ಆದರೆ ಟಿಕ್ ಹಾಕುವ ಪ್ರಶ್ನೆಗಳ ಮುಂದೆ ವಾರ್ಡು ಸೋತಿತು. ಎಲೆಕ್ಟಿವ್ ಹದಿನೈದು ದಿನ ಅಂದರೆ ಸುಲಭದ ವಿಭಾಗ ಹಿಡಿದು ಸಹಿ ಹಾಕಿ ಲೈಬ್ರರಿಗೆ ಓಡುವ ದಿನಗಳು ಅಂತ ಆಗಿಹೋಯಿತು. ನನಗೆ ಪರಿಚಯದ ನಾಲ್ಕೈದು ಮಕ್ಕಳು ಹೇಳಿದ್ದೂ ಅದನ್ನೇ.

ಅಮೆರಿಕದಲ್ಲೂ ಪರೀಕ್ಷೆಯಲ್ಲದಿದ್ದರೆ ಇನ್ನೊಂದು ಒತ್ತಡ. 1910ರಲ್ಲಿ ಫ್ಲೆಕ್ಸ್‌ನರ್ 155 ಕಾಲೇಜು ಸುತ್ತಿ ಬರೆದ ವರದಿಯ ಮೇಲೆ ಎರಡು ವರ್ಷ ವಿಜ್ಞಾನ, ಎರಡು ವರ್ಷ ವಾರ್ಡು ಅನ್ನುವ ಚೌಕಟ್ಟು ಗಟ್ಟಿಯಾಯಿತು. ನಾಲ್ಕನೇ ವರ್ಷ ನಿಧಾನವಾಗಿ ಎಲೆಕ್ಟಿವ್‌ಗಳ ವರ್ಷವಾಯಿತು. ರೆಸಿಡೆನ್ಸಿಗೆ ಅರ್ಜಿ ಹೋಗುವುದು ಸೆಪ್ಟೆಂಬರಿನಲ್ಲಿ, ಫಲಿತಾಂಶ ಮಾರ್ಚ್‌ನಲ್ಲಿ. ಹಾಗಾಗಿ ಬೇಸಿಗೆಯಲ್ಲೇ ಆಸೆಪಟ್ಟ ವಿಭಾಗಕ್ಕೆ ಹೋಗಿ ಮುಖ ತೋರಿಸಿ ಶಿಫಾರಸು ಪತ್ರ ಪಡೆಯಬೇಕು. ಅದು ಒಂದು ಬಗೆಯ ಹೆಣ್ಣು ನೋಡುವ ಶಾಸ್ತ್ರ! ಆದರೂ ಅಲ್ಲಿ ಆ ವಾರಗಳಿಗೆ ಬೆಲೆ ಇದೆ. ನಮ್ಮಲ್ಲಿ ಎಷ್ಟು ಮನಸ್ಸಿಟ್ಟು ಕೆಲಸ ಮಾಡಿದರೂ ಪ್ರವೇಶ ಪರೀಕ್ಷೆಯಲ್ಲಿ ಒಂದು ಅಂಕವೂ ಸೇರುವುದಿಲ್ಲ.

ನಮ್ಮಲ್ಲಿ ನಿಜವಾದ ಬದಲಾವಣೆ ಬಂದದ್ದು 2019ರಲ್ಲಿ. ಆ ವರ್ಷ ಸೇರಿದ ಬ್ಯಾಚಿನಿಂದ ಎಲೆಕ್ಟಿವ್ ಎರಡು ತಿಂಗಳಾಯಿತು. ಮೂರನೇ ಎಂಬಿಬಿಎಸ್ ಭಾಗ ಒಂದರ ಪರೀಕ್ಷೆ ಮುಗಿದ ಮೇಲೆ, ಭಾಗ ಎರಡು ಶುರುವಾಗುವ ಮುಂಚೆ. ಮೊದಲ ನಾಲ್ಕು ವಾರ ಲ್ಯಾಬು ಅಥವಾ ಸಂಶೋಧನೆ, ಮುಂದಿನ ನಾಲ್ಕು ವಾರ ಆಸ್ಪತ್ರೆಯ ವಿಭಾಗ. ಸೂಪರ್ ಸ್ಪೆಷಾಲಿಟಿಯೂ ಸೈ, ಹಳ್ಳಿಯ ಕ್ಲಿನಿಕ್ಕೂ ಸೈ. ನನ್ನ ಪ್ರಕಾರ ಈ ಜಾಗವೇ ಸರಿ. ಅಷ್ಟು ಹೊತ್ತಿಗೆ ವಿದ್ಯಾರ್ಥಿ ವಾರ್ಡು ಸುತ್ತಿರುತ್ತಾನೆ, ರೋಗಿಯ ಹತ್ತಿರ ಕೂತು ಕೇಸ್ ಬರೆಯಲು ಬರುತ್ತದೆ. ಇನ್ನೂ ಬೇಗ ಇಟ್ಟರೆ ಎಕೋ ಮಷೀನಿನ ಮುಂದೆ ಬಾಯಿ ಬಿಟ್ಟು ನಿಲ್ಲಬೇಕು, ತಡವಾಗಿಟ್ಟರೆ 1997ರ ಕಥೆಯೇ. ಜೊತೆಗೆ, ಅಲ್ಲಿ ಕಂಡದ್ದನ್ನು ಮುಂದಿನ ವರ್ಷ ಮೆಡಿಸಿನ್, ಸರ್ಜರಿ ಓದುವಾಗ ನೆನೆಯಬಹುದು.

ಬೇಸರವೆಂದರೆ, 2020ರಲ್ಲಿ ಕೌನ್ಸಿಲ್ ಹೋಗಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ, 2023ರ ನಿಯಮದಲ್ಲಿ ಈ ಎರಡು ತಿಂಗಳನ್ನು ಒಂದಕ್ಕೆ ಇಳಿಸಿತು. ಹದಿನೈದು ಹದಿನೈದು ದಿನದ ಎರಡು ಕಂತು. ಜಾಗ ಸರಿಯಿದೆ, ಅಳತೆ ಮತ್ತೆ 1997ಕ್ಕೆ ಹೋಯಿತು. ನೆಫ್ರಾಲಜಿ ವಾರ್ಡಿನಲ್ಲಿ ಸೇರಿದ ರೋಗಿ ಡಯಾಲಿಸಿಸ್‌ಗೆ ಒಗ್ಗಿ ಮನೆಗೆ ಹೋಗಿ, ಮತ್ತೆ ಒಪಿಡಿಗೆ ಬರುವುದನ್ನು ಹದಿನೈದು ದಿನದಲ್ಲಿ ನೋಡಲಾಗುತ್ತದೆಯೇ?

ಸಂಬಂಧಿಕರ ಹುಡುಗಿಯೊಬ್ಬಳು ಕೇಳಿದಾಗ ನಾನು ಹೇಳಿದ್ದಿಷ್ಟು: ಹೆಸರು ದೊಡ್ಡದೆಂದು ಥಿಯೇಟರಿನಲ್ಲಿ ಆರು ಜನರ ಬೆನ್ನ ಹಿಂದೆ ನಿಲ್ಲಬೇಡಮ್ಮಾ, ರೋಗಿಯೊಂದಿಗೆ ಮಾತಾಡಲು ಬಿಡುವ ವಿಭಾಗ ಹಿಡಿ. ಎರಡೂ ಕಂತಿಗೆ ಹತ್ತಿರದ ವಿಷಯ ಆರಿಸಿಕೋ. ಲ್ಯಾಬಿನಲ್ಲಿ ಮೂತ್ರಪಿಂಡದ ಸ್ಲೈಡು ನೋಡಿದವಳಿಗೆ ವಾರ್ಡಿನಲ್ಲಿ ಹದಿನೈದು ದಿನ ಸ್ವಲ್ಪ ಉದ್ದವಾಗುತ್ತದೆ. ಅಂದ ಹಾಗೆ, ತಪ್ಪಿದ ಹಾಜರಿ ತುಂಬಿಸಲು ಈ ದಿನಗಳನ್ನು ಬಳಸಕೂಡದು ಅಂತ 2019ರ ನಿಯಮದಲ್ಲೇ ಬರೆದಿತ್ತು. ಕಾಲೇಜಿನವರು ‘ಮೆಡಿಸಿನ್ ಪೋಸ್ಟಿಂಗ್ ಬಾಕಿ ಇದೆ, ಈಗ ಮುಗಿಸಿಬಿಡು’ ಅಂದರೆ, ಆ ಸಾಲು ತೋರಿಸಿ ವಿನಯದಿಂದ ಕೇಳಬಹುದು.