ಬಂಕಾಪುರದ ದರ್ಶನ

ಬಂಕಾಪುರಕ್ಕೆ ಹೋಗುವ ಯಾತ್ರಿಕರು ಪ್ರಾಯಶಃ ಕೋಟೆಯೊಳಗಣ ನಗರೇಶ್ವರ ದೇವಾಲಯವನ್ನು ನೋಡಿ ಹಿಂದಿರುಗುವರು. ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವ ಆ ಗುಡಿಗೆ ಅರವತ್ತು ಕಂಬದ ಗುಡಿಯೆಂದು ಜನರಿಟ್ಟ ಹೆಸರು. ಕಂಬಗಳ ನುಣುಪು ಇಂದಿಗೂ ಕಣ್ಣನ್ನು ಸೆಳೆಯದೆ ಬಿಡದು. ಆದರೆ ಪುರದ ಹಿರಿಮೆ ಆ ಕಲ್ಲುಗಳಿಗಿಂತ ಹಳೆಯದು. ಅದು ನೃಪತುಂಗನ ದಂಡನಾಯಕ ಬಂಕೆಯನ ಹೆಸರನ್ನು ಹೊತ್ತಿದೆ. ಆತನ ಮಗ ಲೋಕಾದಿತ್ಯನು ಇಲ್ಲಿ ಆಳುತ್ತಿದ್ದಾಗ, ಶಕ 820ರಲ್ಲಿ, ಎಂದರೆ ಕ್ರಿ. ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣವು ಪೂಜೆಗೊಂಡಿತು.

ಕ್ರಿ. ಶ. 974ರ ಸುಮಾರಿಗೆ ಗಂಗ ದೊರೆ ಮಾರಸಿಂಹನು ರಾಜ್ಯವನ್ನು ತೊರೆದು, ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವನ್ನಾಚರಿಸಿ ದೇಹವಿಟ್ಟುದೂ ಇಲ್ಲಿಯೇ. ಇದನ್ನರಿಯಲು ಮಾತ್ರ ದೂರದ ಶ್ರವಣಬೆಳ್ಗೊಳಕ್ಕೆ ಹೋಗಿ, ಕೂಗೆ ಬ್ರಹ್ಮದೇವರ ಕಂಬದ ಶಾಸನವನ್ನು ಓದಬೇಕು! ಊರಿನ ಕಥೆಯೆಲ್ಲ ಊರಿನಲ್ಲಿಯೇ ದೊರೆಯುವುದೆಂಬ ನಿಯಮವುಂಟೆ? ಬಂಕಾಪುರದ ಕೋಟೆಯಾದರೋ ಈಗ ನವಿಲುಗಳ ಆಶ್ರಯಧಾಮ.