ಮೈಸೂರಿನ ಶಾಸ್ತ್ರೀಯ ಪುನರುಜ್ಜೀವನ

1881ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿಸಿದ ಮೇಲೆ ಮೈಸೂರು ನಗರದಲ್ಲಿ ಸಂಸ್ಕೃತ ವಿದ್ಯೆ, ಸಂಗೀತ, ನೃತ್ಯ, ಯೋಗಗಳು ಹೊಸ ಚೈತನ್ಯ ಪಡೆದವು. 1831ರಲ್ಲೇ ಬೆಂಗಳೂರಿಗೆ ಹೋಗಿದ್ದ ಆಡಳಿತ ಕಚೇರಿಗಳು ಅಲ್ಲಿಯೇ ಉಳಿದವು. ಮೈಸೂರಿನ ಪಾಲಿಗೆ ಉಳಿದದ್ದು ಅರಮನೆ. ಊರಿನ ಹಿರಿಮೆ ಕಲೆ, ವಿದ್ಯೆಗಳನ್ನು ನೆಚ್ಚಿಕೊಳ್ಳಬೇಕಾಯಿತು.

1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿ (ಇಂದಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ) ತಾಳೆಗರಿಗಳನ್ನು ಮನೆಮಠಗಳ ಅಟ್ಟದಿಂದ ಇಳಿಸಿ ವಿದ್ವಾಂಸರ ಕೈಗಿತ್ತಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟ ಗ್ರಂಥಲಿಪಿಯ ಕಟ್ಟೊಂದನ್ನು ಓದಿದ ಆರ್. ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ಅಲ್ಲಿಯವರೆಗೆ ಆ ಕೃತಿ ಬೇರೆ ಗ್ರಂಥಗಳ ಉಲ್ಲೇಖಗಳಲ್ಲಷ್ಟೇ ಪರಿಚಿತವಾಗಿತ್ತು. 1909ರಲ್ಲಿ ಮೂಲಪಾಠ, 1915ರಲ್ಲಿ ಶಾಸ್ತ್ರಿಗಳದೇ ಇಂಗ್ಲಿಷ್ ಅನುವಾದ ಹೊರಬಂದು, ಪ್ರಾಚೀನ ಭಾರತಕ್ಕೆ ರಾಜ್ಯಶಾಸ್ತ್ರವೇ ಇರಲಿಲ್ಲವೆಂಬ ವಾದ ಕುಸಿಯಿತು. ಈ ಪುನರುಜ್ಜೀವನದ ಅತಿ ದೊಡ್ಡ ಫಲ ಇದೇ.

ಸಂಗೀತದಲ್ಲಿ ಅರಮನೆ ಆಶ್ರಯ ನೀಡಿದ್ದಷ್ಟೇ ಅಲ್ಲ, ಶಿಕ್ಷಣವನ್ನೂ ಪೋಷಿಸಿತು. ಸಂಗೀತಗಾರ ವಾಸುದೇವಾಚಾರ್ಯರನ್ನು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿಯಲು ತಿರುವೈಯಾರಿಗೆ ಕಳಿಸಿದ್ದು ಅರಮನೆಯೇ. ವೀಣೆ ಶೇಷಣ್ಣನವರಿಂದ ಮೈಸೂರು ಬಾನಿಗೆ ನಾಡಿನಾಚೆಗೂ ಹೆಸರಾಯಿತು. ಆದರೆ ದರ್ಬಾರಿನ ಸಂಗೀತ ಕಛೇರಿ ಜನಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಆ ಕೊರತೆ ನೀಗಿತು. ಅವರ ಶಿಷ್ಯ ಟಿ. ಚೌಡಯ್ಯ ಏಳು ತಂತಿಯ ಪಿಟೀಲಿನಿಂದ ಪ್ರಸಿದ್ಧರಾದರು. ಮುಂದೆ ಬಡಾವಣೆಗಳ ಗಣೇಶೋತ್ಸವ, ರಾಮೋತ್ಸವಗಳ ಪೆಂಡಾಲುಗಳೂ ಕಛೇರಿಗಳಿಗೆ ತಾಣವಾದವು.

ನೃತ್ಯದ ಕಥೆ ಇಷ್ಟು ಸಲೀಸಲ್ಲ. ಮೈಸೂರು ಶೈಲಿಯ ಅಭಿನಯವನ್ನು ಉಳಿಸಿದವರು ಜಟ್ಟಿ ತಾಯಮ್ಮನವರಂಥ ವೃತ್ತಿಕಲಾವಿದೆಯರು. ಸಮಾಜ ಅವರ ಕಲೆಯನ್ನು ಮೆಚ್ಚಿ ಅವರನ್ನು ದೂರವಿಟ್ಟಿತು. ತಾಯಮ್ಮನವರ ಶಿಷ್ಯೆ, ಆಸ್ಥಾನ ನರ್ತಕಿ ಕೆ. ವೆಂಕಟಲಕ್ಷಮ್ಮನವರು 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸುವ ಹೊಣೆ ಹೊತ್ತರು. ಆ ಗೌರವ ಬಹಳ ತಡವಾಗಿ ಸಂದಿತು.

ಯೋಗಕ್ಕೂ ಅರಮನೆಯೇ ಆಸರೆಯಾಯಿತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' ಮೊದಲು ಬಂದದ್ದು ಕನ್ನಡದಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್, ಕೆ. ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರು. ಜೋಯಿಸರ ಯೋಗಶಾಲೆ ಮೈಸೂರಿನ ಲಕ್ಷ್ಮೀಪುರದಿಂದ ಗೋಕುಲಂಗೆ ಬಂದ ಮೇಲೆ ಆ ಬಡಾವಣೆಯ ಬಾಡಿಗೆ ಮನೆ, ಹೋಟೆಲುಗಳೆಲ್ಲ ತಿಂಗಳುಗಟ್ಟಲೆ ತಂಗುವ ವಿದೇಶಿ ವಿದ್ಯಾರ್ಥಿಗಳಿಗೆ ಹೊಂದಿಕೊಂಡವು.