ಕಡತದ ಕಪ್ಪು, ಮೊಬೈಲಿನ ಕಪ್ಪು

ಕಚೇರಿಗಳಲ್ಲಿ ಇಂದು ‘ಕಡತ’ ಎಂದರೆ ಫೈಲು. ಹಿಂದಿನ ಕಡತ ಮಾತ್ರ ಬಟ್ಟೆಯದು. ಅರಿವೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಬರೆಯುವುದು ಬಳಪದಿಂದ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿಯೇ ಇದನ್ನು ವರ್ಣಿಸಿದ್ದಾನೆ: ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ, ಪಾಟಿಯಂತೆ ಅಳಿಸಿ ಮತ್ತೆ ಬರೆಯಬಹುದು. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಇಂಥವುಗಳಲ್ಲಿ ಉಳಿದು ಬಂದವು.

ಮೊಬೈಲಿನಲ್ಲಿ ಪುಸ್ತಕ ತೆರೆದು ಕಪ್ಪು ಹಿನ್ನೆಲೆಯನ್ನು ಆರಿಸಿದಾಗಲೆಲ್ಲ ನನಗೆ ಆ ಕಡತ ನೆನಪಾಗುತ್ತದೆ. ಕರಿಯ ನೆಲ, ಬಿಳಿಯ ಅಕ್ಷರ, ಉದ್ದಕ್ಕೆ ಸರಿಯುವ ಪುಟ. ಆದರೆ ಪುಟ ಹೇಗಿರಬೇಕೆಂದು ಆಗ ನಿರ್ಧರಿಸುತ್ತಿದ್ದವನು ಬರೆಯುವವನು. ತಾಳೆಗರಿಯಲ್ಲಿ ದಾರದ ತೂತಿಗಾಗಿ ಜಾಗ ಬಿಟ್ಟು, ಪದಗಳ ನಡುವೆ ಜಾಗ ಬಿಡದೆ ಕಂಠದಿಂದ ಕೊರೆಯುತ್ತಿದ್ದರು. ಪದ ಬಿಡಿಸಿಕೊಳ್ಳುವುದು ಓದುವವರ ಪಾಡು. ಮುದ್ರಣ ಬಂದ ಮೇಲೆ ಆ ಅಧಿಕಾರ ಅಚ್ಚುಕೂಟಕ್ಕೆ ಹೋಯಿತು. 1894ರಲ್ಲಿ ಮಂಗಳೂರಿನಲ್ಲಿ ಕಿಟೆಲ್ಲರ ನಿಘಂಟು ಹೊರಬಂತು. ಅದರ ಅಕ್ಷರ ಚಿಕ್ಕದೆನಿಸಿದವರಿಗೆ ಭೂತಗನ್ನಡಿಯೇ ಗತಿ.

ಈ ಅಧಿಕಾರ ಓದುವವರ ಕೈಗೆ ಬಂದದ್ದು ತೀರ ಈಚೆಗೆ. 1991ರ ಯೂನಿಕೋಡ್ ಕನ್ನಡದ ಅಕ್ಷರಗಳಿಗೂ ಒಂದೊಂದು ಅಂಕಿಯನ್ನು ಗೊತ್ತುಮಾಡಿತು. ಪುಸ್ತಕದೊಳಗೆ ಇರುವುದು ಆ ಅಂಕಿ. ಫಾಂಟು ಅದರ ಉಡುಗೆ. ಉಡುಗೆ ಬದಲಾದರೂ ಅಕ್ಷರ ಕೆಡದು. ಅದಕ್ಕೆ ಮೊದಲಿನ ಪದ್ಧತಿಯಲ್ಲಿ, ಬರೆದ ಫಾಂಟೇ ನಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು.

ಇದರಿಂದ ನಮ್ಮಂಥವರಿಗೆ ಏನು ಬಂತು ಎನ್ನುತ್ತೀರಾ? ಹೆದ್ದಾರಿಯ ಮಗ್ಗುಲಿನ ನಮ್ಮ ಕಣಗಲಾದಲ್ಲಿ ನೆರೆಮನೆಯ ಹಿರಿಯರೊಬ್ಬರು ಒಮ್ಮೆ ಹೇಳಿದರು: “ಬಾಯಾರ, ಅಕ್ಷರ ಕಾಣವಲ್ವು, ಓದೂದ ಬಿಟ್ಟೇನ್ರಿ.” ಹೆಣ್ಣುಮಕ್ಕಳಿಗೆ ಬಿಡುವು ಸಿಗುವುದು ಮಕ್ಕಳು ಬೆಳೆದ ಮೇಲೆ, ಚಾಳೀಸು ಬರುವುದೂ ಆಗಲೇ. ಓದುವ ಆಸೆ ಇದ್ದೂ ಕಣ್ಣು ಸೋತು ಪುಸ್ತಕ ಮುಚ್ಚಿದವರು ಎಷ್ಟು ಮನೆಗಳಲ್ಲಿಲ್ಲ!

ಅಂಥವರಿಗಾಗಿ ನಾಲ್ಕು ಮಾತು. ಅಕ್ಷರವನ್ನು ಸಂಕೋಚವಿಲ್ಲದೆ ದೊಡ್ಡದು ಮಾಡಿಕೊಳ್ಳಿ. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ಸಾಲು ಇಕ್ಕಟ್ಟಾದರೆ ಎರಡೂ ತಾಗುತ್ತವೆ. ಅಂಚು ತುಸು ಅಗಲವಿದ್ದರೆ ಹಿಡಿದ ಹೆಬ್ಬೆರಳು ಅಕ್ಷರವನ್ನು ಮುಚ್ಚದು. ಹಗಲಿಗೆ ತಿಳಿ ಹಿನ್ನೆಲೆ, ದೀಪ ಆರಿಸಿದ ಕೋಣೆಯಲ್ಲಿ ಕಪ್ಪು ಹಿನ್ನೆಲೆ ಹಿತ. ದೃಷ್ಟಿವಕ್ರತೆ ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಹರಡಿದಂತೆ ಕಾಣಬಹುದು. ಅವರಿಗೆ ಹಳೆಯ ಕಾಗದದ ಬಣ್ಣವೇ ಸರಿ. ಫೋಟೋ ತೆಗೆದಂತೆ ಇರುವ ಪಿಡಿಎಫ್ ಪುಸ್ತಕಗಳಲ್ಲಿ ಮಾತ್ರ ಈ ಸೌಕರ್ಯವಿಲ್ಲ. ಹಿಗ್ಗಿಸಿದರೆ ಸಾಲು ಪರದೆಯ ಆಚೆ ಓಡುತ್ತದೆ.

ಇಷ್ಟು ಕಾಲ ಪುಟಕ್ಕೆ ನಾವು ಹೊಂದಿಕೊಂಡದ್ದಾಯಿತು. ಇನ್ನು ಪುಟವೇ ನಮಗೆ ತುಸು ಹೊಂದಿಕೊಳ್ಳಲಿ.